ಐದು ಇಪ್ಪತ್ತರ ಗಾಡಿ

ಕಂಪ್ಯೂಟರು ಬಂದು ಅಜ್ಜನನ್ನು ಮೂಲೆಗೆ ಕೂರಿಸಿತು ಎಂದು ನಮ್ಮ ಮನೆತನದಲ್ಲಿ ಎಲ್ಲರೂ ಹೇಳುತ್ತಾರೆ. ಮದುವೆ ಮುಂಜಿವೆಗಳಲ್ಲಿ ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಸುತ್ತು ಹೊಡೆಯುವ ಹೊತ್ತಿಗೆ ಅಪ್ಪನ ತಮ್ಮ ವಸಂತ ಕಾಕಾ ತಪ್ಪದೆ ಈ ಕಥೆ ತೆಗೆಯುತ್ತಾನೆ. “ಆ ಡಬ್ಬಿ ಮನಿಗೆ ತಂದಾಂವ ನಾನೇ ನೋಡ್ರಿ. ಅಪ್ಪನ ಕೈಯಾಗಿನ ಪಂಚಾಂಗ ಕಸಗೊಂಡಾಂವ ನಾನೇ,” ಎಂದು ಎದೆ ಮುಟ್ಟಿಕೊಳ್ಳುತ್ತಾನೆ. ಸುತ್ತಲಿನವರು ಪಾಪ ಪಾಪ ಎನ್ನುತ್ತಾರೆ. ಯಂತ್ರ ಒಳಗೆ ಬಂತು, ಮನುಷ್ಯ ಹೊರಗೆ ಹೋದ ಎಂದು ಯಾರಾದರೊಬ್ಬರು ತೀರ್ಪು ಕೊಡುತ್ತಾರೆ. ಆಮೇಲೆ ಎಲ್ಲರೂ ತಮ್ಮ ತಮ್ಮ ಮೊಬೈಲು ತೆಗೆದು ಮನೆಗೆ ಹೋಗಲು ರಿಕ್ಷಾ ಕರೆಯುತ್ತಾರೆ. ಕಥೆ ಕೇಳಲು ಚೆನ್ನಾಗಿದೆ. ಒಂದೇ ತೊಂದರೆ, ನಡೆದದ್ದು ಹಾಗಲ್ಲ.

ನಾನು ಯಾವಾಗಲೂ ಅಡ್ಡ ಮಾತಾಡುತ್ತೇನೆಂದು ಮನೆಯಲ್ಲಿ ದೂರು ಇದೆ. ಪುಣೆಯ ಶಾಲೆ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಹತ್ತು ಜನ ಒಟ್ಟಿಗೆ ತಲೆದೂಗಿದರೆ ಹನ್ನೊಂದನೆಯವಳಾಗಿ ಪುರಾವೆ ಕೇಳುವುದು ಚಟವಾಗಿಬಿಟ್ಟಿದೆ. ಆದರೆ ಈ ವಿಷಯದಲ್ಲಿ ನನ್ನ ಪುರಾವೆ ಕಿವಿಯದು. ಮೊನ್ನೆ ಸದಾಶಿವ ಪೇಠೆಯಲ್ಲಿ ಒಂದು ಸಗಟು ಔಷಧದ ಅಂಗಡಿಯ ಮುಂದೆ ಸ್ಕೂಟರು ನಿಧಾನ ಮಾಡಿದೆ. ಒಳಗಿನಿಂದ ಆ ಸದ್ದು ಬಂತು. ಕ್ರ್ಯಾಂಯ್ ಎಂದು ಒಂದು ಸಾಲು, ಉಸಿರೆಳೆದುಕೊಳ್ಳುವಷ್ಟು ಬಿಡುವು, ಮತ್ತೆ ಕ್ರ್ಯಾಂಯ್ ಎಂದು ಇನ್ನೊಂದು ಸಾಲು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಹಿಂದಿನ ರಿಕ್ಷಾದವನು “ಅಹೋ ತಾಈ, ಪುಢೇ ಚಲಾ ಕೀ!” ಎಂದು ಮುಂದೆ ಸರಿಯಲು ಕೂಗುವವರೆಗೂ ನಾನು ನಡುರಸ್ತೆಯಲ್ಲಿ ಒಬ್ಬಳೇ ನಗುತ್ತ ನಿಂತಿದ್ದೆ. ಮನೆ ಮುರಿದ ಸದ್ದು ಕೇಳಿ ಯಾರಾದರೂ ಹಾಗೆ ನಗುತ್ತಾರೆಯೇ?

ಆ ಅಂಗಡಿಯಿಂದ ಎರಡು ಗಲ್ಲಿ ಆಚೆ ನಮ್ಮ ವಾಡೆ ಇತ್ತು. ನಡುವೆ ಅಂಗಳ, ಅಂಗಳದಲ್ಲಿ ನಳ, ಸುತ್ತ ಮರದ ಕಟಾಂಜನದ ಎರಡು ಅಂತಸ್ತು, ಅದರಲ್ಲಿ ಒಂಬತ್ತು ಮನೆ. ಎಂಟು ಮರಾಠಿಯವರದು, ಒಂದು ನಮ್ಮದು. ಅಜ್ಜ ಧಾರವಾಡದಿಂದ ಸರಕಾರಿ ಕಚೇರಿಯ ಕಾರಕೂನನಾಗಿ ಬಂದು ಮೇಲಿನ ಅಂತಸ್ತಿನ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದವನು, ನಿವೃತ್ತನಾದ ಮೇಲೂ ಅಲ್ಲೇ ಉಳಿದ. ಒಂದು ಕೋಣೆಯಲ್ಲಿ ಅಡಿಗೆ, ಅಪ್ಪ, ಅವ್ವ, ನಾನು. ಇನ್ನೊಂದರಲ್ಲಿ ಅಜ್ಜ, ಅವನ ಪಂಚಾಂಗದ ಟ್ರಂಕು, ಅಪ್ಪನ ತಂಗಿ ಸುಮತಿ ಅತ್ಯಾ, ಮತ್ತು ಭಾನುವಾರ ಬೆಳಗಾಯಿತೆಂದರೆ ಅರ್ಧ ಪುಣೆಯ ಕನ್ನಡಿಗರು. ಏಕೆಂದರೆ ಅಜ್ಜ ಕುಂಡಲಿ ನೋಡುತ್ತಿದ್ದ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಮನೆಗಳವರು ಗಂಡು ಹೆಣ್ಣಿನ ಜಾತಕ ಹೊಂದಿಸಲು ಅವನ ಚಾಪೆಗೇ ಬರುತ್ತಿದ್ದರು. ಆ ಕೋಣೆಯಲ್ಲಿ ಹಳೆಯ ಕಾಗದದ ವಾಸನೆ, ನಶ್ಯದ ವಾಸನೆ, ಅವ್ವ ಪಕ್ಕದ ಕೋಣೆಯಲ್ಲಿ ಅವಲಕ್ಕಿಗೆ ಹಾಕಿದ ಒಗ್ಗರಣೆಯ ವಾಸನೆ, ಮೂರೂ ಕೂಡಿ ಒಂದು ಹದವಾದ ಗಾಳಿ ನಿಂತಿರುತ್ತಿತ್ತು. ಅದನ್ನು ಒಳಗೆಳೆದುಕೊಂಡರೆ ಸಾಕು, ಎಲ್ಲಿಯೋ ಯಾರದೋ ಮದುವೆ ನಡೆಯಲಿಕ್ಕಿದೆ ಅನ್ನಿಸುತ್ತಿತ್ತು.

ನಕ್ಷತ್ರಗಳನ್ನು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ನಾನು ನಂಬಿದ್ದು ಅಜ್ಜನ ಪ್ರಶ್ನೆಗಳನ್ನು. ಜಾತಕಕ್ಕೆ ಬೇಕಾದದ್ದು ಹುಟ್ಟಿದ ಹೊತ್ತು. ಅದೇ ಯಾರಿಗೂ ಗೊತ್ತಿರುತ್ತಿರಲಿಲ್ಲ. ಮನೆಯಲ್ಲಿ ಹೆರಿಗೆಯಾದ ಕಾಲ, ಗಡಿಯಾರ ನೋಡುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಅಜ್ಜ ಗಡಿಯಾರದ ಮಾತೇ ಎತ್ತುತ್ತಿರಲಿಲ್ಲ. “ಹಾಲಿನಂವ ಬಂದು ಹೋಗಿದ್ದನೇನ್ರಿ ಬಾಯಾರ?” ಎನ್ನುತ್ತಿದ್ದ. “ಗಿರಣಿ ಭೋಂಗಾ ಕೂಗಿತ್ತೋ, ಇನ್ನೂ ಇಲ್ಲೋ? ನಿಮ್ಮ ಅತ್ತಿಯವರು ಒಲಿ ಹಚ್ಚಿದ್ರೇನು?” ಎದುರಿಗೆ ಕೂತ ತಾಯಿ ಮೊದಲು ಗೊತ್ತಿಲ್ಲ ಎನ್ನುತ್ತಿದ್ದಳು. ಆಮೇಲೆ ಕಣ್ಣು ಮೇಲೆ ಮಾಡಿ, ಒಲೆ ಹಚ್ಚಿರಲಿಲ್ಲ, ಬೂದಿ ತೆಗೆಯುತ್ತಿದ್ದರು, ಸೆರಗಿಗೆಲ್ಲ ಬೂದಿಯಾಗಿತ್ತು, ಅದೇ ಕೈಲಿ ಮಗುವನ್ನು ಎತ್ತಿಕೊಂಡರು ಎಂದು ಹೇಳುತ್ತ ಹೇಳುತ್ತ ಇಪ್ಪತ್ತೈದು ವರ್ಷ ಹಿಂದಿನ ಬೆಳಗನ್ನು ಆ ಚಾಪೆಯ ಮೇಲೆ ಹರವಿಬಿಡುತ್ತಿದ್ದಳು. ಅಷ್ಟೂ ಕೇಳಿ ಅಜ್ಜ ಒಂದು ಚೀಟಿಯಲ್ಲಿ ಬರೆಯುತ್ತಿದ್ದುದು ಒಂದೇ ಅಂಕಿ.

ಇಂಥ ಮನೆಗೆ ಕಂಪ್ಯೂಟರು ಬಂದದ್ದು ನನಗೆ ಹತ್ತು ವರ್ಷವಾಗಿದ್ದಾಗ. ಕಾಕಾ ಆಗ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಬೇರೆ ಕಡೆ ಇರುತ್ತಿದ್ದ. ಯಾವುದೋ ಕಚೇರಿಯವರು ಹಳತೆಂದು ಬಿಟ್ಟ ಪೆಟ್ಟಿಗೆ, ಒಂದು ಪ್ರಿಂಟರು, ಕುಂಡಲಿ ಹಾಕುವ ಒಂದು ಮರಾಠಿ ಸೀಡಿ, ಮೂರನ್ನೂ ಟೆಂಪೋದಲ್ಲಿ ತಂದು ಇಳಿಸಿದ. ಕಥೆಯಲ್ಲಿ ಕಾಕಾ ಹೇಳದೆ ಬಿಡುವ ಸಂಗತಿ ಇಲ್ಲಿದೆ. ಅಜ್ಜನ ಕಣ್ಣು ಆಗಲೇ ಮಂಜಾಗಿತ್ತು, ಪಂಚಾಂಗದ ಇರುವೆಸಾಲಿನಂಥ ಅಕ್ಷರಗಳನ್ನು ಒಂದು ವರ್ಷದಿಂದ ಅತ್ಯಾಳೇ ಓದಿ ಹೇಳುತ್ತಿದ್ದಳು. ಅವನ ಕೈಯಿಂದ ಪಂಚಾಂಗ ಕಸಿದದ್ದು ಕಂಪ್ಯೂಟರಲ್ಲ, ಮೋತಿಬಿಂದು, ಕಣ್ಣಿನ ಪೊರೆ. ಪರದೆಯ ಮೇಲೆ ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದೆಂದು ಅತ್ಯಾ ತೋರಿಸಿದಾಗ ಅಜ್ಜ ಮಾಡಿದ ಮೊದಲ ಕೆಲಸವೆಂದರೆ ತನ್ನ ಹುಟ್ಟಿದ ದಿನ ಹೇಳಿ ತನ್ನದೇ ಕುಂಡಲಿ ತೆಗೆಸಿದ್ದು. ಅವನ ಅಪ್ಪ ಬರೆದಿಟ್ಟ ಹಳದಿ ಕಾಗದವನ್ನು ಪಕ್ಕದಲ್ಲಿಟ್ಟು ಕುಂಡಲಿಯ ಮನೆಮನೆಯನ್ನೂ ತಾಳೆ ನೋಡಿದ. ಒಂದೂ ಬೇರೆಯಿರಲಿಲ್ಲ. ಅಜ್ಜ ನಗಲು ಶುರು ಮಾಡಿದ, ನಶ್ಯದ ಡಬ್ಬಿ ಮಗುಚಿ ಬಿತ್ತು. “ನಮ್ಮಪ್ಪ ಎರಡು ದಿನ ಕೂತು ಮಾಡಿದ್ದನ್ನ ಇದು ಅಡಿಕಿ ಕತ್ತರಸೂದ್ರಾಗ ಮಾಡಿಬಿಡ್ತಲೇ ವಸಂತಾ! ನಮ್ಮಪ್ಪ ಖರೇನೇ ಶಾಣ್ಯಾ ಇದ್ದ!” ಎಂದು ಅದನ್ನೇ ಮೂರು ಮನೆಗೆ ಹೋಗಿ ಹೇಳಿ ಬಂದ. ಅಜ್ಜ ಯಂತ್ರವನ್ನು ಒಪ್ಪಿಕೊಂಡದ್ದು ಅದು ತನ್ನ ಅಪ್ಪನನ್ನು ಸರಿಯೆಂದು ಒಪ್ಪಿಕೊಂಡದ್ದಕ್ಕೆ.

ಅಲ್ಲಿಂದ ಆ ಕೋಣೆಗೆ ಹಬ್ಬ ಬಂತು. ದಸರೆಯಲ್ಲಿ ಅಜ್ಜ ಕಂಪ್ಯೂಟರಿಗೆ ಅರಿಷಿಣ ಕುಂಕುಮ ಹಚ್ಚಿ, ಯಾರು ಬೇಡವೆಂದರೂ ಕೇಳದೆ ಕೀಲಿಗಳ ಮೇಲೆ ಅಕ್ಷತೆ ಹಾಕಿದ. ಮರುದಿನ ಅಕ್ಷರಗಳ ನಡುವೆ ಜಾಗವೇ ಬೀಳದಾಗ ಕಾಕಾ ಬಂದು ಉದ್ದನೆಯ ಕೀಲಿಯ ಕೆಳಗಿಂದ ಏಳು ಅಕ್ಕಿಕಾಳು ತೆಗೆದ. ಪ್ರಿಂಟರಿನ ಕಾಗದದ ಎರಡೂ ಅಂಚಿನ ತೂತಿನ ಪಟ್ಟಿಗಳು ನನ್ನವು. ಅವನ್ನು ಅಡ್ಡಡ್ಡ ಮಡಿಸಿ ಸ್ಪ್ರಿಂಗು ಮಾಡುತ್ತಿದ್ದೆ. ವಾಡೆಯ ಮಕ್ಕಳ ಕೈಗಳಲ್ಲೆಲ್ಲ ಆ ವರ್ಷ ಕಾಗದದ ಬಳೆ. ಗುರುವಾರ ನಮ್ಮ ಕಡೆ ಲೈಟು ಹೋಗುವ ವಾರ. ಹಾಗಾಗಿ ಅಜ್ಜನ ಬಳಿ ಬರುವವರಲ್ಲಿ ಎರಡು ಪಂಗಡವಾದವು: ಮಷೀನು ಬೇಕಾದವರು ಭಾನುವಾರ ಬರುತ್ತಿದ್ದರು, ಮಷೀನು ಬೇಡವಾದವರು ಗುರುವಾರ. ಎರಡೂ ದಿನ ಉತ್ತರ ಒಂದೇ ಇರುತ್ತಿತ್ತು, ಯಾಕೆಂದರೆ ಎರಡೂ ದಿನ ಕೇಳುತ್ತಿದ್ದವನು ಅಜ್ಜನೇ. ಮಷೀನಿಗೆ ಗಂಟೆ, ಮಿನಿಟು, ಸೆಕೆಂಡು ಬೇಕು. ಅಜ್ಜ ಹಾಲಿನವನನ್ನೂ ಗಿರಣಿಯನ್ನೂ ಒಲೆಯ ಬೂದಿಯನ್ನೂ ಸೋಸಿ ಅದಕ್ಕೆ ಗಂಟೆ ಮಿನಿಟು ಮಾಡಿ ಕೊಡುತ್ತಿದ್ದ. “ಭಾಳ ಒಳ್ಳೇ ಕೂಸು. ಏನು ತಿನಿಸಿದ್ರೂ ತಿಂತದ,” ಎನ್ನುತ್ತಿದ್ದ.

ಇಷ್ಟೆಲ್ಲ ನಗುವಿನ ನಡುವೆ ಅತ್ಯಾ ಕಾಯುತ್ತಿದ್ದಳು. ಅವಳಿಗೆ ಮೂವತ್ತಾಗಿತ್ತು. ಒಂದೇ ಕಚೇರಿಯಲ್ಲಿ ಕೆಲಸ ಮಾಡುವ ಪ್ರಕಾಶನನ್ನು ಮದುವೆಯಾಗಬೇಕೆಂದು ಮೂರು ವರ್ಷದಿಂದ ಇಬ್ಬರಿಗೂ ಇತ್ತು. ಅವನ ತಂದೆ ದೌಂಡದ ರೇಲ್ವೆಯಲ್ಲಿ ಕ್ಯಾಬಿನ್ನಿನಲ್ಲಿ ಕೂತು ಸಿಗ್ನಲ್ ಎಳೆಯುವ ಕೆಲಸ ಮಾಡಿದವರು. ವಿಜಯಪುರ ಕಡೆಯ ಕನ್ನಡದ ಮನೆ. ತಾಯಿಗೆ ಜಾತಕ ಕೂಡಲೇಬೇಕು. ಮೂವತ್ತಾರು ಗುಣಗಳಲ್ಲಿ ಅರ್ಧವಾದರೂ ಕೂಡದೆ ಅವರು ಅಕ್ಷತೆ ಹಿಡಿಯುವವರಲ್ಲ. ಅಜ್ಜ ತನ್ನ ಮಗಳ ಕುಂಡಲಿಯನ್ನು ತಾನು ಹೊಂದಿಸಬಾರದೆಂಬ ನೇಮದವನು. ಹೊಂದಿಸಿದ್ದರೂ ದೌಂಡದ ಬಾಯಿ, ಎಂದರೆ ಪ್ರಕಾಶನ ತಾಯಿ, ನಂಬುತ್ತಿರಲಿಲ್ಲ. ಓಡಿಹೋಗಿ ಮದುವೆಯಾಗಿ ಎಂದು ಕಾಕಾ ಹೇಳಿದರೆ ಅತ್ಯಾ ಒಲ್ಲೆ ಎಂದಳು. ಒಬ್ಬನೇ ಮಗ, ಅವನ ತಾಯಿ ಬರದ ಮದುವೆಯ ಊಟ ನನಗೆ ಇಳಿಯುವುದಿಲ್ಲ ಎಂದಳು. ಹೀಗೆ ಎಲ್ಲ ಬಾಗಿಲೂ ಮುಚ್ಚಿದಾಗ ನಮ್ಮ ಮನೆಯ ಕಂಪ್ಯೂಟರಿನ ಸುದ್ದಿ ದೌಂಡದವರೆಗೆ ಹೋಯಿತು. ಆ ಬಾಯಿ ತಾವಾಗಿಯೇ ಹೇಳಿ ಕಳಿಸಿದರು: “ಮಷೀನಿಗೆ ಮಗಳೂ ಇಲ್ಲ, ಮಗನೂ ಇಲ್ಲ. ಅದು ಹೇಳಿದ್ದು ಖರೇ. ನಾವು ಐತವಾರ ಬರ್ತೀವಿ.” ಯಂತ್ರ ನಮ್ಮ ಮನೆಯನ್ನು ಮುರಿಯಿತು ಎನ್ನುವವರಿಗೆ ನಾನು ಮೊದಲು ಈ ಭಾನುವಾರವನ್ನು ಎದುರಿಡುತ್ತೇನೆ.

ಅವರು ಮೂವರೂ ಬಂದರು. ಬಾಯಿ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿಗೆ ಅಂಟಿ ಕೂತರು. ಪ್ರಕಾಶ ಬಾಗಿಲ ಬಳಿ. ಅವನ ತಂದೆ ಕಿಟಕಿಯ ಹತ್ತಿರ, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು, ಚಹಾ ಕೊಟ್ಟಾಗ ಸಾಕು ಎಂಬ ಒಂದು ಮಾತು ಬಿಟ್ಟರೆ ಇನ್ನೇನೂ ಆಡದೆ ಕೂತರು. ಆ ಕೋಣೆಯಲ್ಲಿ ಕಂಪ್ಯೂಟರು ನಡೆಸಲು ಬರುತ್ತಿದ್ದುದು ಅತ್ಯಾ ಒಬ್ಬಳಿಗೇ. ಹಾಗಾಗಿ ತನ್ನ ಹಣೆಬರಹವನ್ನು ತಾನೇ ಟೈಪು ಮಾಡಬೇಕಾಯಿತು. ಮೊದಲು ತನ್ನದು ಹಾಕಿದಳು. ಆಮೇಲೆ ಬಾಯಿ ಹೇಳಿದಂತೆ ಹುಡುಗನದು: ದಿನ, ಊರು ದೌಂಡ, ಬೆಳಿಗ್ಗೆ ಐದು ಇಪ್ಪತ್ತು. ಅತ್ಯಾಳ ಬೆರಳು ಅಲುಗಲಿಲ್ಲ. ಐದು ಇಪ್ಪತ್ತನ್ನು ಐದು ಇಪ್ಪತ್ತೇ ಹೊಡೆದಳು. ಪ್ರಿಂಟರು ಸಾಲು ಸಾಲಾಗಿ ಕಿರುಚುತ್ತ ಹೋಗಿ ಕೊನೆಗೆ ಒಟ್ಟು ಕೊಟ್ಟಿತು. ಹದಿನಾಲ್ಕು.

ಕೆಳಗೆ ನಳದ ನೀರು ಬಕೆಟ್ಟಿಗೆ ಬೀಳುವುದು ಕೇಳುತ್ತಿತ್ತು. ಬಾಯಿ ಕಾಗದವನ್ನು ಎರಡು ಸಲ ಓದಿ ಮಡಿಸಿದರು. “ನನ್ನ ಮ್ಯಾಲ ಸಿಟ್ಟಾಗಬ್ಯಾಡವಾ ಸುಮತಿ,” ಎಂದರು, ದನಿ ನಿಜಕ್ಕೂ ಒದ್ದೆಯಾಗಿತ್ತು. “ನೀ ಭಾಳ ಚೊಲೋ ಹುಡುಗಿ. ಆದ್ರ ಮಷೀನಿಗಿಂತ ನಾ ಶಾಣ್ಯಾಕಿ ಅಲ್ಲ.” ಅತ್ಯಾ ತಲೆಯಾಡಿಸಿದಳು. ಅಜ್ಜ ಮಾತ್ರ ಎದ್ದು ಟ್ರಂಕು ತೆರೆದು ಹುಡುಗ ಹುಟ್ಟಿದ ವರ್ಷದ ಪಂಚಾಂಗ ಹುಡುಕಿ ತೆಗೆದ. ಕಣ್ಣಿಗೆ ಭೂತಗನ್ನಡಿ ಹಿಡಿದು ಒಂದು ಸಾಲಿನ ಮೇಲೆ ಬೆರಳು ಸರಿಸಿದ. ಬೆರಳು ಒಂದೆಡೆ ನಿಂತಿತು. ಪುಸ್ತಕ ಮುಚ್ಚಿ, ಏನೂ ಆಗದವನಂತೆ ಬಂದು ಚಾಪೆಯ ಮೇಲೆ ಕೂತ.

“ಬಾಯಾರ, ಐದು ಇಪ್ಪತ್ತು ಅಂತ ಗಡಿಯಾರ ನೋಡಿದವರು ಯಾರ್ರಿ?”

“ಗಡಿಯಾರ ಎಲ್ಲಿಂದ ಬರಬೇಕ್ರಿ ಕ್ವಾರ್ಟರ್ಸಿನಾಗ? ಸೋಲಾಪುರ ಕಡೆ ಹೋಗೂ ಪ್ಯಾಸೆಂಜರ್ ಬಂತು, ಶಿಟಿ ಹೊಡೀತು, ಇವ ಅತ್ತ. ಐದು ಇಪ್ಪತ್ತರ ಗಾಡಿ ಅದು. ಇಡೀ ದೌಂಡಿಗೆ ಗೊತ್ತದ.”

“ಐದು ಇಪ್ಪತ್ತಕ್ಕ ಬರಬೇಕಾದ ಗಾಡಿ. ಅವತ್ತು ಬಂದದ್ದು ಎಷ್ಟಕ್ಕ?”

ಬಾಯಿ ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದರು. ಆಗ ಕಿಟಕಿಯ ಕಡೆಯಿಂದ ಒಂದು ದನಿ ಬಂತು. “ಲೇಟ್ ಇತ್ತು.”

ಎಲ್ಲರೂ ತಿರುಗಿದರು. ಪ್ರಕಾಶನ ತಂದೆ ಟೊಪ್ಪಿಗೆಯ ಅಂಚು ತಿರುವುತ್ತಿದ್ದರು. “ನಲವತ್ತು ಮಿನಿಟು ಲೇಟ್ ಇತ್ತು ಅವತ್ತು.”

“ಏನಂದ್ರಿ? ಇಷ್ಟು ವರ್ಷದಾಗ ಒಂದು ದಿನಾನೂ ಹೇಳಿಲ್ಲಲ್ರಿ ನೀವು!”

“ನೀ ಕೇಳಿಲ್ಲ.”

“ನಿಮಗ ಹೆಂಗ ನೆನಪದ?”

“ಸಿಗ್ನಲ್ ಎಳದಾಂವ ನಾನಲ್ಲೇನು? ಎರಡಕ್ಕೂ ಕಾಯ್ಕೋತ ನಿಂತಿದ್ದೆ. ಅತ್ತ ಗಾಡಿ, ಇತ್ತ ಮಗ. ಎರಡೂ ಲೇಟ್.”

ಮೊದಲು ನಕ್ಕವಳು ಅವ್ವ, ಸೆರಗು ಬಾಯಿಗಿಟ್ಟುಕೊಂಡು. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಬಾಯಿ ಗಂಡನನ್ನು ದಿಟ್ಟಿಸಿ ನೋಡಿದರು, ಆಮೇಲೆ ಮಗನನ್ನು, ಆಮೇಲೆ ಅತ್ಯಾಳನ್ನು. ಕನ್ನಡಕ ಮೇಲೇರಿಸಿ, “ಮಷೀನಿಗೆ ಹೇಳವಾ ಮತ್ತ. ಆರು ಗಂಟೆ,” ಎಂದರು. ಅತ್ಯಾ ಆರು ಹೊಡೆದಳು. “ಸೆಕೆಂಡು ಎಷ್ಟು ಹಾಕಲಿ?” ಎಂದಳು. “ಪ್ಯಾಸೆಂಜರ್ ಗಾಡಿಗೆ ಸೆಕೆಂಡು ಇರಂಗಿಲ್ಲವಾ,” ಎಂದರು ಆ ಹಿರಿಯರು. ನನಗೆ ಸುಮ್ಮನಿರಲಾಗಲಿಲ್ಲ. “ಹುಡುಗ ಅವನೇ, ಹುಡುಗಿ ಇಕಿನೇ, ಮಷೀನೂ ಅದೇ. ಉತ್ತರ ಬ್ಯಾರೆ ಹೆಂಗ ಬರ್ತದ?” ಎಂದೆ. ಅವ್ವ ತೋಳು ಚಿವುಟಿದಳು. ಅಜ್ಜ ಕೈ ಮುಗಿದು, “ವಕೀಲ ಸಾಹೇಬರ, ಕೆಳಗ ಹೋಗಿ ಚಪ್ಪಲ್ ಎಷ್ಟು ಜೋಡು ಅವ, ಎಣಿಸಿ ಬರ್ರಿ,” ಎಂದ. ನಾನು ಹೋಗಲಿಲ್ಲ. ಪ್ರಿಂಟರಿನ ಪಕ್ಕದಲ್ಲೇ ನಿಂತೆ. ಒಂದು ಸಾಲು, ಉಸಿರು, ಇನ್ನೊಂದು ಸಾಲು. ಇಪ್ಪತ್ತಾರು.

ಬಾಯಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಲೂ ಇಲ್ಲ, ತಾವೇ ಅಡಿಗೆ ಕೋಣೆಗೆ ನುಗ್ಗಿ ಮುಷ್ಟಿ ತುಂಬ ತಂದು ಅತ್ಯಾಳ ಬಾಯಿಗೆ ಹಾಕಿದರು. “ಮಷೀನು ಸುಳ್ಳು ಹೇಳಂಗಿಲ್ಲ ನೋಡ್ರಿ!” ಎಂದರು. “ಇಲ್ರಿ, ನಾವು ಹೇಳಿದಷ್ಟೇ ಹೇಳ್ತದ,” ಎಂದ ಅಜ್ಜ, ನಶ್ಯ ಏರಿಸುತ್ತ. ಅತ್ಯಾ ನಗುತ್ತ ಅಳುತ್ತ ಸಕ್ಕರೆ ನುಂಗಲಾರದೆ ಕೆಮ್ಮಿದಳು. ಮದುವೆ ಎರಡು ತಿಂಗಳಿಗೆ ಆಯಿತು. ಮರುದಿನವೇ ಜೇಜುರಿಯ ಗುಡಿಗೆ ಹೋಗಿ ಭಂಡಾರದ ಪುಡಿ ಹಾರಿಸಿ ಬಂದ ಜೋಡಿ ವಾಡೆಯ ಮೆಟ್ಟಿಲು ಹತ್ತುವಾಗ ಇಬ್ಬರ ಕಿವಿಯೊಳಗೂ ಅರಿಷಿಣವಿತ್ತು.

ಇದಾದ ಮೇಲೆ ಎಂಟು ವರ್ಷ ಅಜ್ಜ ಆ ಕಂಪ್ಯೂಟರಿನ ಮುಂದೆ ಕೂತ. ಮೂಲೆಗಲ್ಲ, ಕೋಣೆಯ ನಡುವೆಯೇ. ಅತ್ಯಾ ಗಂಡನ ಮನೆಗೆ ಹೋದ ಮೇಲೆ ಅವನ ಬೆರಳಾದವಳು ನಾನು. ಬಂದವರ ಸಂಖ್ಯೆ ಕಡಿಮೆಯಾದದ್ದು ನಿಜ, ಆದರೆ ಅದು ಆಮೇಲಿನ ಮಾತು: ವಾಡೆಯನ್ನು ಕಟ್ಟಡದವರು ಕೊಂಡರು, ಒಂಬತ್ತು ಮನೆಗಳೂ ಒಂಬತ್ತು ದಿಕ್ಕಿಗೆ ಹೋದವು, ಅಜ್ಜ ಹೊಸ ಫ್ಲ್ಯಾಟಿನ ನಾಲ್ಕನೆಯ ಮಹಡಿಯಲ್ಲಿ ಒಂದು ಮಳೆಗಾಲ ಕಳೆದು ತೀರಿಕೊಂಡ. ವಾಡೆಯ ಜಾಗದಲ್ಲಿ ಎದ್ದ ಕಟ್ಟಡದಲ್ಲಿ, ಅವನು ಕೂರುತ್ತಿದ್ದ ಎತ್ತರದಲ್ಲಿ, ಈಗ ಒಂದು ಕೋಚಿಂಗ್ ಕ್ಲಾಸು ನಡೆಯುತ್ತದೆ. ಆ ವಾಡೆ ಈಗ ನಿಮಗೂ ನನಗೂ ಸಿಗುವುದಿಲ್ಲ. ನಿಮ್ಮ ಊರಿನಲ್ಲೂ ಇಂಥ ಒಂದು ಅಂಗಳ ಇದ್ದಿರಬಹುದು, ನೀವೂ ಅದರ ನಳದ ಸದ್ದನ್ನು ಯಾವಾಗಲೋ ಅರೆನಿದ್ದೆಯಲ್ಲಿ ಕೇಳುತ್ತಿರಬಹುದು.

ಹಾಗಾದರೆ ಯಂತ್ರದಿಂದ ಏನೂ ಹೋಗಲಿಲ್ಲವೇ? ಹೋಯಿತು, ಒಪ್ಪುತ್ತೇನೆ. ಆದರೆ ಕಾಕಾ ಹೇಳುವ ಕಡೆಯಿಂದ ಅಲ್ಲ. ನಾನು ಹುಟ್ಟಿದ್ದು ಆಸ್ಪತ್ರೆಯಲ್ಲಿ; ನನ್ನ ಹೊತ್ತನ್ನು ನರ್ಸು ಮಿನಿಟಿಗೆ ಸರಿಯಾಗಿ ಬರೆದಿಟ್ಟಿದ್ದಾಳೆ. ಅವ್ವನನ್ನು ಹಾಲಿನವನ ಬಗ್ಗೆ ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಬರಲಿಲ್ಲ. ಮುಂದೆ ಹುಟ್ಟುವವರ ಮೊದಲ ಉಸಿರಿನಿಂದ ಹಿಡಿದು ಎಲ್ಲವೂ ಎಲ್ಲಿಯೋ ಬರೆದಿರುತ್ತದೆ, ಸಾಲ ಕೊಡಬೇಕೋ, ಕೆಲಸ ಕೊಡಬೇಕೋ, ಹೆಣ್ಣು ಕೊಡಬೇಕೋ ಎಂದು ಆ ಬರಹವೇ ಹೇಳುತ್ತದೆ. ಹದಿನಾಲ್ಕು ಎಂದು ಬಂದರೆ ಟ್ರಂಕು ತೆರೆದು ಇನ್ನೊಂದು ಪ್ರಶ್ನೆ ಕೇಳುವವನು ಎದುರಿಗಿರುವುದಿಲ್ಲ. ಇದು ನನ್ನನ್ನು ಹೆದರಿಸುತ್ತದೆ. ಆದರೂ ಈ ಮಾತನ್ನು ನಾನು ಪೂರ್ತಿ ಗೆಲ್ಲಿಸಲಾರೆ. ತಮಗೆ ಬೇಡವಾದ ಹುಡುಗಿಯನ್ನು ತಪ್ಪಿಸಿಕೊಳ್ಳಲು ತಮ್ಮ ಹುಡುಗ ಹುಟ್ಟಿದ ಹೊತ್ತನ್ನೇ ಹಾಲಿನವನ ಹಿಂದಕ್ಕೋ ಮುಂದಕ್ಕೋ ಸರಿಸಿದವರನ್ನೂ ಅದೇ ಚಾಪೆಯ ಮೇಲೆ ಕಂಡಿದ್ದೇನೆ. ಆ ಹುಡುಗಿಯರಿಗೆ ಆಸ್ಪತ್ರೆಯ ಒಂದು ಚೀಟಿ ಎಷ್ಟು ಉಪಕಾರ ಮಾಡುತ್ತಿತ್ತು! ಸಡಿಲು ಇದ್ದಲ್ಲಿ ಕರುಣೆಯೂ ನುಸುಳುತ್ತದೆ, ಮೋಸವೂ ನುಸುಳುತ್ತದೆ. ಎರಡರಲ್ಲಿ ಯಾವುದು ಅವತ್ತು ನಮ್ಮ ಕೋಣೆಗೆ ಬಂತು?

ಎಷ್ಟೋ ವರ್ಷದ ಮೇಲೆ ಒಂದು ದಿನ ಮೊಬೈಲಿನಲ್ಲಿ ಪ್ರಕಾಶ ಮಾಮಾನ ಹುಟ್ಟಿದ ದಿನ ಹಾಕಿ ನೋಡಿದೆ. ಗುಣಗಳ ಲೆಕ್ಕವೆಲ್ಲ ಹುಟ್ಟಿದ ಹೊತ್ತಿನ ನಕ್ಷತ್ರದ ಮೇಲೆ ನಿಂತದ್ದು. ಆ ಬೆಳಿಗ್ಗೆ ನಕ್ಷತ್ರ ಬದಲಾದದ್ದು ಐದು ಐವತ್ತಕ್ಕೆ. ಅಜ್ಜನ ಬೆರಳು ನಿಂತದ್ದು ಅಲ್ಲಿ. ಗಾಡಿ ಮೂವತ್ತು ಮಿನಿಟಿಗಿಂತ ಹೆಚ್ಚು ತಡವಾಗಿದ್ದರೆ ಮದುವೆ, ಇಲ್ಲದಿದ್ದರೆ ಇಲ್ಲ. ಆದರೆ ಅಜ್ಜ ಆ ಅಂಕಿಯನ್ನು ಯಾರಿಗೂ ಹೇಳಿರಲಿಲ್ಲ. ಬರಿದೆ ಗಾಡಿಯ ಬಗ್ಗೆ ಕೇಳಿದ್ದ. ನಲವತ್ತು ಎಂದವರು ಮಾಮಾನ ತಂದೆ. ಇದನ್ನು ಅಜ್ಜನ ಎದುರಿಗೆ ಇಡುವಷ್ಟು ನಾನು ಬೆಳೆಯುವ ಹೊತ್ತಿಗೆ ಅಜ್ಜ ಇರಲಿಲ್ಲ. ದೌಂಡದ ಬಾಯಿಯೂ ಹೋಗಿ ಮೂರು ವರ್ಷವಾಯಿತು. ಹೋಗುವವರೆಗೂ ಸೊಸೆಯನ್ನು ಇಪ್ಪತ್ತಾರು ಗುಣದಾಕಿ ಎಂದೇ ಕರೆದರು.

ಹೋದ ಭಾನುವಾರ ಕೋಥರೂಡಿನ ಅತ್ಯಾಳ ಮನೆಗೆ ಹೋಗಿದ್ದೆ. ಒಳಗೆ ಅತ್ಯಾ ಮತ್ತು ಮಾಮಾ ಉಪ್ಪಿಟ್ಟಿಗೆ ಹಸಿಮೆಣಸಿನಕಾಯಿ ಎಷ್ಟು ಹಾಕಬೇಕೆಂದು ಜಗಳಾಡಿ ನಗುತ್ತಿದ್ದರು. ಮಾಮಾನ ತಂದೆ, ನನಗೆ ಈಗ ದೌಂಡ ಅಜ್ಜ, ಗ್ಯಾಲರಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದೆ. ಕೈಯಲ್ಲಿ ಮೊಬೈಲು, ಅದರಲ್ಲಿ ಯಾವ ಗಾಡಿ ಎಲ್ಲಿದೆ ಎಂದು ತೋರಿಸುವ ನಕಾಶೆ. ಇಡೀ ದಿನ ಅದೇ ಆಟ. “ಸೋಲಾಪುರ ಗಾಡಿ ದೌಂಡ ಬಿಡ್ತು ನೋಡವಾ. ಹನ್ನೆರಡು ಮಿನಿಟು ಲೇಟ್,” ಎಂದರು, ಮಗುವಿನ ಖುಷಿಯಲ್ಲಿ. ಆಮೇಲೆ ಬೆರಳಿನಿಂದ ಪರದೆ ಒರೆಸುತ್ತ ಹೇಳಿದರು, “ಎಲ್ಲಾರಿಗೂ ಎಲ್ಲಾ ಗೊತ್ತಿರ್ತದ ಈಗ. ಗಾಡಿ ಎಷ್ಟಕ್ಕ ಬಂತು ಅಂತ ನನ್ನ ಯಾರೂ ಕೇಳಂಗಿಲ್ಲ.”

ಒಳಗಿನ ನಗು ಇನ್ನೂ ನಿಂತಿರಲಿಲ್ಲ. ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ. ದನಿ ತಗ್ಗಿಸಿ ಕೇಳಿದೆ:

“ಅಜ್ಜಾರ, ಅವತ್ತು ಗಾಡಿ ಖರೇನ ಲೇಟ್ ಇತ್ತೇನ್ರಿ?”